ಇಲ್ಲದ ಫ್ಯಾನಿನ ಜವಾಬ್ದಾರ

ಹುಬ್ಬಳ್ಳಿಯ ಒಂದು ಕಂಪನಿ ಹಾಲು ತಣ್ಣಗಿಡುವ ಯಂತ್ರಕ್ಕೆ ಕಂಪ್ಯೂಟರ್ ಬೋರ್ಡು ಮಾಡುತ್ತಿತ್ತು. ಬೋರ್ಡಿನ ಮೇಲೆ ಏನೇನಿದೆ ಎಂಬ ವಿವರ ಬರೆಯಲು ಅಲ್ಲೊಬ್ಬಾಕೆ ಇದ್ದಳು. ಆಕೆ ಬರೆದದ್ದನ್ನೇ ನಂಬಿ ಡ್ರೈವರ್ ಎಂಬ ತಂತ್ರಾಂಶ ಯಂತ್ರ ನಡೆಸುತ್ತಿತ್ತು.

ಒಂದು ದಿನ ಮ್ಯಾನೇಜರ್ ಶಿರಗುಪ್ಪಿ ಸಾಹೇಬರು ಮೀಸೆ ತಿರುವುತ್ತ ಬಂದರು. "ಬೋರ್ಡು ತಣ್ಣಗಿಡಾಕ ಅದರ ಮ್ಯಾಲ ಫ್ಯಾನ್ ಐತಿ ಅಂತ ಬರೀರಿ."

"ಫ್ಯಾನ್ ಇಲ್ಲಲ್ರೀ ಸರ."

"ಮುಂದ ಎಂದಾರ ಕೂಡಿಸಿದ್ರಾತು. ಓದಿದವರಿಗೆ ಕಂಪನಿ ದೊಡ್ಡದು ಅನಿಸಬೇಕು. ಬರೀಲಿಲ್ಲಂದ್ರ ನಾಳಿಂದ ಬರಬ್ಯಾಡ್ರಿ."

ಆಕೆ ವಾದಕ್ಕೆ ನಿಲ್ಲಲಿಲ್ಲ. ಊಟದ ಹೊತ್ತಿಗೆ ಬರೆದು ತಂದಳು. ವಿವರದಲ್ಲಿ ಫ್ಯಾನ್ ಇತ್ತು. ಸಾಹೇಬರು ಹಿಗ್ಗಿದರು. ಆಮೇಲೆ ಅವರ ಕಣ್ಣು ಮೊದಲನೇ ಸಾಲಿಗೆ ಹೋಯಿತು.

"ಇಲ್ಲಿ ನನ್ನ ಹೆಸರು ಯಾಕ? ಫೋನ್ ನಂಬರೂ ಐತಿ."

"ಬರೆದದ್ದಕ್ಕ ಯಾರು ಜವಾಬ್ದಾರರು ಅಂತ ಮೊದಲ ಹಾಕೋದು ಪದ್ಧತಿ ಸರ. ಇಷ್ಟು ದಿನ ನನ್ನ ಹೆಸರಿತ್ತು. ಆದ್ರ ಈ ಫ್ಯಾನ್ ಕಂಡವರು ನೀವೊಬ್ಬರ. ಡ್ರೈವರ್ ಇದನ್ನ ನಂಬಿ ಯಂತ್ರ ಜೋರು ಓಡಿಸಿ, ಬೋರ್ಡು ಕಾಯ್ದು ಸುಟ್ಟು, ಊರಿನ ಹಾಲೆಲ್ಲ ಒಡೀತು ಅನ್ರಿ. ಡೈರಿಯವರು ಬೈಯ್ಯಾಕ ಯಾರಿಗೆ ಫೋನ್ ಮಾಡಬೇಕು?"

ಸಾಹೇಬರ ಕೈ ಮೀಸೆಯಿಂದ ಕರವಸ್ತ್ರಕ್ಕೆ ಇಳಿಯಿತು. ಹಣೆ ಒರೆಸಿಕೊಂಡರು, ಕತ್ತು ಒರೆಸಿಕೊಂಡರು.

"ಆ ಫ್ಯಾನ್ ತೆಗೀರಿ" ಅಂದರು ಮೆಲ್ಲಗೆ.

ಆಕೆ ಗೋಡೆಯ ಸ್ವಿಚ್ಚಿನ ಹತ್ತಿರ ಹೋಗಿ ನಿಂತಳು. "ಬೋರ್ಡಿಂದು ತೆಗೀತೀನಿ ಸರ. ನಿಮ್ಮ ತಲಿ ಮ್ಯಾಲಿಂದು ಖರೇನ ಐತಿ, ಹಚ್ಚಲೇನ್ರಿ?"