ಸನ್ಮಾನ ಮೊದಲು, ರೇಸು ಆಮೇಲೆ

ರಾಯಚೂರಿನಲ್ಲಿ ಮೇ ತಿಂಗಳು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದ್ದದ್ದು ಒಂದೇ ಬೇವಿನ ಮರ. ಅದರ ನೆರಳಲ್ಲಿ ಒಬ್ಬ ಡ್ರೈವರನ ಹಳೇ ಕಾರು ನಿಲ್ಲುತ್ತಿತ್ತು.

ಕಾಂಟ್ರಾಕ್ಟರ್ ಶರಭಣ್ಣನ ಕಣ್ಣು ಆ ನೆರಳಿನ ಮೇಲೆ ಬಿತ್ತು. ಹೊಸ ಕಾರಿನ ಗಾಜು ಇಳಿಸಿ ಗದರಿದ: "ನಾ ಹಾಕಿದ ಹೊಸ ರಸ್ತೆ ಇನ್ನೂ ತೆರೆದಿಲ್ಲ. ನಾಳೆ ಮಧ್ಯಾಹ್ನ ಅಲ್ಲೇ ರೇಸು. ನೀ ಸೋತರ ಈ ನೆರಳು ನಂದು!"

ಡ್ರೈವರ್ ತಲೆ ಕೆರೆದುಕೊಂಡ. "ಆಗಲಿ ಸಾವಕಾರ್ರ. ಆದರ ನಿಮ್ಮಂಥ ದೊಡ್ಡವರು ನಮ್ಮ ಜೋಡಿ ರೇಸಿಗೆ ಬರೋದಂದ್ರ ಸಣ್ಣ ಮಾತಲ್ಲ. ಮೊದಲು ನಿಮಗ ಸನ್ಮಾನ ಆಗಬೇಕು."

ಶರಭಣ್ಣ ಉಬ್ಬಿಹೋದ.

ಮರುದಿನ ರಸ್ತೆ ಬದಿಗೆ ಶಾಮಿಯಾನ ಎದ್ದಿತು. ಹಾರ, ಶಾಲು, ಪೇಟ ಎಲ್ಲಾ ಆಯಿತು. ಸ್ಟ್ಯಾಂಡಿನ ಹನ್ನೊಂದು ಮಂದಿ ಡ್ರೈವರುಗಳೂ ಮೈಕು ಹಿಡಿದು "ಎರಡೇ ಮಾತು" ಎಂದು ಶುರುಮಾಡಿದರು. ಒಬ್ಬರೂ ಎರಡಕ್ಕೆ ನಿಲ್ಲಿಸಲಿಲ್ಲ. ಕಾರಿನೊಳಗಿನ ತಂಪು ಹೋಗಬಾರದೆಂದು ಶರಭಣ್ಣ ಯಾವತ್ತಿನ ಹಾಗೆ ಎ.ಸಿ. ಹಾಕಿ, ಎಂಜಿನ್ ಚಾಲೂ ಬಿಟ್ಟೇ ವೇದಿಕೆ ಹತ್ತಿದ್ದ. ಎರಡು ತಾಸು ಆ ಕಾರು ಸುಡುಬಿಸಿಲಲ್ಲಿ ಗುರುಗುಟ್ಟಿತು. ಡ್ರೈವರ್ ತನ್ನ ಹಳೇ ಕಾರನ್ನು ಶಾಮಿಯಾನದ ನೆರಳಿಗೆ ನಿಲ್ಲಿಸಿ, ಬಾನೆಟ್ಟಿಗೆ ಒದ್ದೆ ಗೋಣಿಚೀಲ ಹೊದಿಸಿದ್ದ.

ಸೀಟಿ ಊದಿದರು. ಹಳೇ ಕಾರು ಓಡಿತು. ಹೊಸ ಕಾರು ನೂರು ಗಜ ಹೋಗಿ, ಬುಸ್ಸೆಂದು ಹಬೆ ಬಿಟ್ಟು ಕುಂತೇಬಿಟ್ಟಿತು.

ಶರಭಣ್ಣ ಪೇಟ ಕಿತ್ತೆಸೆದ. "ಇದು ನಡೆಯಂಗಿಲ್ಲ! ನಾಳೆ ಮತ್ತ ರೇಸು!"

"ಅದಕ್ಕೇನ್ರಿ ಸಾವಕಾರ್ರ," ಡ್ರೈವರ್ ಕೈಮುಗಿದ. "ನಿಮ್ಮ ಬಗ್ಗೆ ಎರಡು ಮಾತಾಡಾಕ ಆಟೋ ಸ್ಟ್ಯಾಂಡಿನವರು ಪೂರಾ ಉಳಿದಾರ."