ವೀರಗಲ್ಲಿಗೆ ಹೊರಟ ಜಂಪ

ಚಿರತೆಯ ಬಾಯಿವಾಸನೆ ಎಂಥದ್ದು ಅಂತ ಬಲ್ಲವನು ಈ ಸುತ್ತಿನ ಹತ್ತೂರಲ್ಲಿ ನಾನೊಬ್ಬನೇ. ನಗಬೇಡಿ. ಸುಳ್ಳು ಅನ್ನೋರು ಹೋಗಿ ವಿಚಾರಿಸಿ. ಗೇಟಿನ ಕಾವಲುಗಾರ ಸತ್ತ. ಬಸ್ಸಿನ ಡ್ರೈವರು ಸತ್ತ. ಆ ಚಿರತೆನೂ ಸತ್ತು ನಲವತ್ತು ವರ್ಷವಾಯ್ತು. ಯಾರನ್ನ ಕೇಳ್ತೀರೋ ಕೇಳಿ!

ಒಂದೂರಲ್ಲಿ ಬೋರಕ್ಕ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜಂಪ. ಆಳೇನೋ ಬಾಗಿಲಿಗೆ ತಲೆ ತಗಲೋ ಹಂಗೆ ಬೆಳೆದಿದ್ದ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಯಾವಾಗ ಹೇಳಿದ್ದು, ಯಾತಕ್ಕೆ ಹೇಳಿದ್ದು, ಅದೆಲ್ಲ ಅವನಿಗೆ ಬೇಡ.

ಊರಿಂದ ಎರಡು ಹರದಾರಿ ದೂರದಲ್ಲಿ ಒಂದು ಜಿಂಕೆ ವನ. ಅಲ್ಲೊಂದು ಕೆರೆ, ಹೂವಿನ ಪಾತಿ, ಪಾಳೇಗಾರರ ಸಮಾಧಿ ಮಂಟಪ. ಎಲ್ಲಕ್ಕಿಂತ ಒಳಗೆ, ಹುಣಸೆ ತೋಪಲ್ಲಿ, ವೀರಗಲ್ಲುಗಳ ಸಾಲು. ಅದರಲ್ಲಿ ಒಂದು ಕಲ್ಲು ಜಂಪನ ಮನೆಯವರದು. ಅವನ ಮುತ್ತಾತ ಚಿರತೆ ಬಾಯಿಗೆ ಬಾಕು ತುರುಕಿ, ತಾನೂ ಸತ್ತು ಕಲ್ಲಾದವನು. ಅವತ್ತಿಂದ ಆ ಮನೆ ಗಂಡಸರ ಮೇಲೆ ಚಿರತೆಗಳಿಗೆ ಹಗೆ ಅಂತ ಊರೇ ಹೇಳ್ತಿತ್ತು. ತಾತನನ್ನ ಒಯ್ತು. ಅಪ್ಪನನ್ನ ಒಯ್ತು. ಉಳಿದವನು ಈ ಪೆದ್ದ ಒಬ್ಬ. ಅಪ್ಪ ಹೋದ ಮೇಲೆ ಮೂರು ವರ್ಷ ಆ ಕಲ್ಲಿಗೆ ಎಡೆಯಿಲ್ಲ, ಹಾಲಿಲ್ಲ. ಈ ಅಮಾವಾಸ್ಯೆಗೂ ತಪ್ಪಿದರೆ ಮುಂದೆ ಮಗನ ಸರದಿ ಅಂತ ಬೋರಕ್ಕನ ಎದೆ ಹೊಡ್ಕೊಳ್ತಿತ್ತು.

"ನೋಡು ಮಗಾ," ಅಂದ್ಲು. "ಅಮಾವಾಸ್ಯೆ ದಿನ ಬೆಳಗಿನ ಬಸ್ಸಿಗೆ ಹೋಗೋದು. ಮಂಟಪ ನೋಡೋದು, ಜಿಂಕೆ ನೋಡೋದು, ಕೆರೆ ಏರಿ ಮೇಲೆ ಬುತ್ತಿ ಉಣ್ಣೋದು. ಕಲ್ಲಿಗೆ ಎಡೆ ಇಟ್ಟು, ಬೆಳಕಿದ್ದಂಗೇ ಆಚೆ ಬಂದುಬಿಡೋದು. ಈಗ ನೀನು ಹೋಗಿ, ಗೇಟು ಯಾವಾಗ ಮುಚ್ತಾರೆ ಕೇಳ್ಕೊಂಡು ಬಾ."

ಹೋದ. ಕೇಳಿದ. "ಐದಕ್ಕೆ ಗಂಟೆ ಹೊಡೀತೀನಿ, ಬೀಗ ಹಾಕ್ತೀನಿ," ಅಂದ ಕಾವಲುಗಾರ. "ಆಮೇಲೆ ಒಳಗಿರೋದು ಚಿರತೆ ಒಂದೇ!"

ವಾಪಸ್ ಬರ್ತಾ ದಾರೀಲಿ ಪೊದೆ ಅಲ್ಲಾಡ್ತು. ಒಳಗಿದ್ದದ್ದು ಮೇಕೆಮರಿ. ಜಂಪ "ಅವ್ವೋ!" ಅಂತ ಓಡಿದ, ಓಡಿದ, ಪಂಚೆ ಬೇಲೀಲಿ, ತಾನು ಹಳ್ಳದಲ್ಲಿ!

"ಅಯ್ಯೋ ಮಂಕೇ!" ಬೋರಕ್ಕ ಹಣೆ ಚಚ್ಚಿಕೊಂಡಳು. "ಓಡೋರನ್ನೇ ಅದು ಹಿಡಿಯೋದು. ನಿಮ್ಮಪ್ಪ ಓಡಿದ್ದಕ್ಕೇ ಹೋದ. ಏನೇ ಎದುರಿಗೆ ಬರಲಿ, ಉಸಿರು ಬಿಗಿ ಹಿಡಿದು ಕಲ್ಲಿನಂಗೆ ನಿಂತ್ಕೋ!"

"ಆಯ್ತವ್ವ. ಕಲ್ಲಿನಂಗೆ."

ಮಾರನೇ ದಿನ ಪಕ್ಕದ ಮನೆ ತಿಪ್ಪಕ್ಕನ ಹತ್ರ ಎಡೆಗೆ ಹಾಲು ಹೇಳಿ ಬಾ ಅಂತ ಕಳಿಸಿದಳು. ತಿಪ್ಪಕ್ಕನ ಹಸು ಹಗ್ಗ ಕಿತ್ಕೊಂಡು, ಕೊಂಬು ತಗ್ಗಿಸಿಕೊಂಡು ಬಂತು. ಎಲ್ಲರೂ ಓಡಿದರು. ಜಂಪ ಕಲ್ಲಿನಂಗೆ ನಿಂತ. ಹಸು ಗುದ್ದಿದ ಏಟಿಗೆ ತಿಪ್ಪೆ ಮೇಲೆ ಹೋಗಿ ಬಿದ್ದ. ಬಿದ್ದ ಮೇಲೂ ಉಸಿರು ಬಿಡಲಿಲ್ಲ! ಹೆಂಗಸರು ಬಾಯಿ ಬಡ್ಕೊಂಡರು. ಬೋರಕ್ಕ ತಲೆ ಕೆದರಿಕೊಂಡು ಓಡಿ ಬಂದಳು.

"ಅವ್ವಾ, ಈಗ ಉಸಿರು ಬಿಡ್ಲಾ?" ಅಂದ ಜಂಪ.

"ಹಸು ಮುಂದೆ ಕಂಬದಂಗೆ ನಿಲ್ತಾರೇನೋ ಪೆದ್ದೇ!" ತಿಪ್ಪಕ್ಕ ಬೈದಳು. "ಬರೋದು ಕಂಡ್ರೆ ಒಂದು ಹಿಡಿ ಹುಲ್ಲು ಚಾಚಿ, 'ಬಾ ನಮ್ಮವ್ವ, ಬಾ' ಅಂತ ಹಣೆ ನೇವರಿಸಬೇಕು!"

"ಆಯ್ತಕ್ಕ. ಹುಲ್ಲು ಚಾಚಿ."

ಅದರ ಮಾರನೇ ದಿನ, ಅಮಾವಾಸ್ಯೆಗೆ ಬಸ್ಸು ಬರ್ತದಾ ಕೇಳು ಅಂತ ರಸ್ತೆಗೆ ಕಳಿಸಿದಳು. ಕಳಿಸಿದವಳಿಗೆ ಮನಸ್ಸು ತಡೀಲಿಲ್ಲ, ಹಿಂದೆಯೇ ಬಂದಳು. ಬಂದು ನೋಡ್ತಾಳೆ, ತಿರುವಲ್ಲಿ ಬಸ್ಸು ಭರ್ರಂತ ಬರ್ತಿದೆ! ರಸ್ತೆ ನಡುವೆ ಮಗ, ಕೈಯಲ್ಲಿ ಹುಲ್ಲು!

"ಬಾ ನಮ್ಮವ್ವ, ಬಾ!"

ಬ್ರೇಕು ಕಿರುಚಿತು. ಬೋರಕ್ಕ ಅದಕ್ಕಿಂತ ಜೋರಾಗಿ ಕಿರುಚಿದಳು. ಬಸ್ಸು ಗೇಣು ದೂರದಲ್ಲಿ ನಿಂತಿತು. ಜಂಪ ಅದರ ಹಣೆ ನೇವರಿಸಿ, "ಬಿಸಿ ಐತಲ್ಲ, ಜ್ವರವಾ?" ಅಂದ.

ಡ್ರೈವರು ಕೆಳಗೆ ಧುಮುಕಿದ. "ಸಾಯೋಕೆ ನನ್ನ ಬಸ್ಸೇ ಬೇಕಿತ್ತೇನೋ! ಬರೋದು ಕಂಡ್ರೆ ಪಕ್ಕಕ್ಕೆ ಸರಿದು ಕೈ ಅಡ್ಡ ಹಾಕು. ಎಷ್ಟು ಜನ, ಯಾವೂರಿಗೆ, ಕೂಗಿ ಹೇಳು!"

"ಆಯ್ತಣ್ಣ. ಕೈ ಅಡ್ಡ."

ಅಮಾವಾಸ್ಯೆ ಬಂತು. ಹೋದರು. ಮಂಟಪ ನೋಡಿದರು, ಜಿಂಕೆ ನೋಡಿದರು, ಬುತ್ತಿ ಉಂಡರು. ಬೋರಕ್ಕ ಕಲ್ಲಿಗೆ ಹಾಲೆರೆದು, ಮುದ್ದೆ, ಬಾಡಿನ ಸಾರು ಎಡೆ ಇಟ್ಟಳು. "ನಾನು ಕಣ್ಣು ಮುಚ್ಚಿ ಬೇಡ್ಕೊಳ್ತೀನಿ. ಕಣ್ಣು ಬಿಡೋವರೆಗೆ ಒಂದು ಮಾತೂ ಆಡಬೇಡ," ಅಂದ್ಲು. ಮೂರು ದಿನದಿಂದ ಹೆದರಿ ಹೆದರಿ ನಿದ್ದೆಗೆಟ್ಟವಳು. ಕಣ್ಣು ಮುಚ್ಚಿದ್ದೇ ತಡ, ಕೂತಲ್ಲೇ ನಿದ್ದೆ ಹೋದಳು.

ಕಣ್ಣು ಬಿಟ್ಟರೆ ಹುಣಸೆ ಮರಗಳೆಲ್ಲ ಕಪ್ಪಗಾಗ್ತಿವೆ.

"ಜಂಪಾ! ಗಂಟೆ ಹೊಡೀಲಿಲ್ವೇನೋ?"

"ಹೊಡೀತು. ಕಾವಲುಗಾರ ಕೂಗಿದ. ಬೀಗ ಹಾಕ್ದ. ನೀನೇ ಮಾತಾಡಬೇಡ ಅಂದ್ಯಲ್ಲವ್ವ."

ಬೋರಕ್ಕ ದಡಕ್ಕನೆ ಎದ್ದಳು. "ನಡಿ ಮುಂದೆ. ಎಡೆ ಇಟ್ಟ ಮೇಲೆ ಹಿಂದೆ ತಿರುಗಿ ನೋಡಬಾರದು. ಏನೇ ಆದರೂ ನೋಡಬಾರದು. ನಡಿ!"

ನಡೆದರು. ಹಿಂದೆ ತರಗೆಲೆ ಸರಕ್ ಅಂತು. ಎಡೆಯ ಎಲೆ ಎಳೆದಾಡಿದ ಸದ್ದು. ಏನೋ ಚಪ್ಪರಿಸಿದ ಸದ್ದು. ಆಮೇಲೆ ಮೆತ್ತಗೆ ಹೆಜ್ಜೆ. ಇವಳು ನಿಂತರೆ ಅದೂ ನಿಲ್ತದೆ. ಇವಳು ನಡೆದರೆ ಅದೂ ನಡೀತದೆ.

"ಮಗಾ, ಹಿಂದೆ ನಡೀತಿರೋನು ನೀನೇ ಅಲ್ವೇನೋ?"

"ನಾನು ನಿನ್ನ ಮುಂದಿದ್ದೀನಲ್ಲವ್ವ."

ಅಷ್ಟರಲ್ಲಿ ಪೊದೆ ಸೀಳಿಕೊಂಡು ಅದು ದಾರಿಗೇ ಅಡ್ಡ ಬಂತು. ಕರು ಗಾತ್ರದ ಚಿರತೆ! ಎರಡು ಕಣ್ಣು, ಎರಡು ದೀಪ! "ಕಲ್ಲಿನಂಗೆ... ಮಗಾ... ಕಲ್ಲಿ..." ಅಂದ ಬೋರಕ್ಕ ಜ್ಞಾನ ತಪ್ಪಿ ದಾರೀಲೇ ಬಿದ್ದಳು.

ಜಂಪ ಪಕ್ಕಕ್ಕೆ ಸರಿದ. ಕೈ ಅಡ್ಡ ಹಾಕಿದ.

"ನಿಲ್ಸಿ, ನಿಲ್ಸಿ! ಇಬ್ಬರಿದ್ದೀವಿ! ಊರಿಗೆ!"

ಚಿರತೆ ನಿಂತಿತು. ಆ ಮನೆಯ ಗಂಡಸರಲ್ಲಿ ಅದರ ಕುಲ ಓಡಿದವರನ್ನ ಕಂಡಿತ್ತು, ಬಾಕು ಹಿಡಿದವರನ್ನ ಕಂಡಿತ್ತು, ಕೈ ಅಡ್ಡ ಹಾಕಿದವರನ್ನ ಕಂಡಿರಲಿಲ್ಲ. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಮೀಸೆ ಕೆನ್ನೆಗೆ ತಗಲಿತು. ಬಾಯಿ ತೆರೀತು. ಒಳಗಿಂದ ಘಮ್ ಅಂತ ಬಾಡಿನ ಸಾರಿನ ವಾಸನೆ, ಕೊತ್ತಂಬರಿ ಸೊಪ್ಪಿನ ಸಮೇತ! ಹೊಟ್ಟೆ ತುಂಬಿದ ಚಿರತೆ ಒಂದು ಸಲ ಆಕಳಿಸಿ, ಬಾಲ ತಿರುವಿ ಪೊದೆಯೊಳಗೆ ಹೊರಟುಬಿಡ್ತು.

ಜಂಪನಿಗೆ ಬಂತು ನೋಡಿ ಸಿಟ್ಟು! "ಲೇ, ಬೆನ್ನೆಲ್ಲ ಖಾಲಿ ಇಟ್ಕೊಂಡು ಹತ್ತಿಸ್ಕೊಳ್ದೇ ಹೋಗ್ತೀಯಾ? ಹೆಂಗಸರಿದ್ದಾರೆ, ನಿಲ್ಸೋ!" ಅಂತ ಅದರ ಹಿಂದೆಯೇ, ಕತ್ತಲಾದ ಪೊದೆಯೊಳಗೆ ಓಡಿಬಿಟ್ಟ.

ಕತೆ ಕೇಳ್ತಿದ್ದವರೆಲ್ಲ ನನ್ನ ಹತ್ರಕ್ಕೆ ಜರುಗಿದರು. ಸೊಪ್ಪು ಬಿಡಿಸ್ತಾ ಕೂತಿದ್ದ ನನ್ನ ಸೊಸೆ ರತ್ನವ್ವ ಮಾತ್ರ ತಲೆ ಎತ್ತಿದಳು.

"ಮಾವಯ್ಯ, ಗೇಟಿಗೆ ಬೀಗ. ಅವ್ವನಿಗೆ ಜ್ಞಾನವಿಲ್ಲ. ಒಳಗಿದ್ದದ್ದು ಅವ್ವ, ಪೆದ್ದ, ಚಿರತೆ, ಮೂರೇ. ಕೊತ್ತಂಬರಿ ವಾಸನೆ ನಿಮ್ಮ ಮೂಗಿಗೆ ಹೆಂಗೆ ಬಂತು? ಮೂರರಲ್ಲಿ ನೀವ್ಯಾರು?"

ನಾನು ಹೆಗಲು ಕುಣಿಸಿದೆ.

"ಚಿರತೆ ಅಂತಲೇ ಇಟ್ಕೊಳ್ಳವ್ವ."