ಸೋಮವಾರದ ನೊಗ

ಹೊಳೆಯ ದಂಡೆಯಲ್ಲಿ ಒಂದು ಗರಡಿಮನೆ. ಅದರ ಅಂಗಳದಲ್ಲಿ ಒಂದು ಗುಂಡುಕಲ್ಲು.

ಆ ಕಲ್ಲನ್ನು ಹೆಗಲಿಗೇರಿಸಿದವನು ಊರಲ್ಲಿ ಒಬ್ಬನೇ, ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲಿ ಕೆಂಚಪ್ಪ. ಅವನು ಸತ್ತ ಮೇಲೆ ಅದು ಯಾರ ಹೆಗಲಿಗೂ ಏರಿರಲಿಲ್ಲ.

ಕೆಂಚಪ್ಪನ ಮಗ ಯಮನೂರನಿಗೆ ಹದಿನಾರು ವರ್ಷ. ಬರುವ ನಾಗರಪಂಚಮಿಗೆ ಕಲ್ಲು ಎತ್ತಲೇಬೇಕೆಂದು ದಿನವೂ ಸಾಮು ಮಾಡುತ್ತಿದ್ದ. ಬೆಳಿಗ್ಗೆ ಮಾಡುತ್ತಿದ್ದ, ಸಂಜೆ ಮಾಡುತ್ತಿದ್ದ. ಗರಡಿಗೆ ರಜೆಯಿದ್ದ ದಿನ ಗೋಡೆ ಹಾರಿ ಬಂದು ಮಾಡುತ್ತಿದ್ದ.

ಒಂದು ಬೆಳಿಗ್ಗೆ ಗುರುವಿನ ಮುಂದೆ ಬಂದು ಕೂತ. ಗುರು ಮೌಲಾಸಾಬರು. ಗರಡಿಯವರೆಲ್ಲ ಅವರನ್ನು ವಸ್ತಾದರು ಎನ್ನುತ್ತಿದ್ದರು.

“ವಸ್ತಾದ್ರ, ಕಲ್ಲು ದಿನಾ ಭಾರ ಆಗಾಕತ್ತೈತ್ರಿ.”

“ಕಲ್ಲಿಗೆ ಯಾರು ರೊಟ್ಟಿ ಹಾಕಾಕತ್ತಾರ?”

“ಚ್ಯಾಷ್ಟಿ ಅಲ್ರಿ. ಹೋದ ತಿಂಗಳು ಸೊಂಟದಮಟ ಬರ್ತಿತ್ತು. ಈಗ ಮೊಣಕಾಲು ದಾಟೂದಿಲ್ಲ.”

“ಅದಕ್ಕ ಏನು ಮಾಡಿದಿ?”

“ಸಾಮು ಹೆಚ್ಚು ಮಾಡಿದೆ.”

“ಆಮ್ಯಾಲ?”

“ಮತ್ತ ಭಾರ ಆತು. ಇನ್ನೂ ಹೆಚ್ಚು ಮಾಡಿದೆ.”

“ನಿದ್ದಿ?”

“ಬರೂದಿಲ್ರಿ. ಮೈಯೆಲ್ಲಾ ನೋವು.”

“ಊಟ?”

“ಸೇರೂದಿಲ್ರಿ.”

ವಸ್ತಾದರು ಅವನ ಹೆಗಲ ಮೇಲೆ ಕೈ ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಯಮನೂರ ಹಲ್ಲು ಕಚ್ಚಿದ. ಆದರೂ ಕಣ್ಣಲ್ಲಿ ನೀರು ಬಂತು.

“ಇವತ್ತು ಮಲಕೊ, ಹೋಗು.”

“ಪಂಚಮಿ ಬಂತ್ರಿ! ಮೊಬೈಲಿನಾಗೂ ಹೇಳ್ತಾರ, ಒಂದು ದಿನ ಬಿಟ್ಟಾಂವ ಸೋತಾಂವ ಅಂತ.”

“ಯಾರಂವ?”

“ಹೆಸರು ಗೊತ್ತಿಲ್ರಿ. ಶಕ್ತಿ ಬರೋ ಪುಡಿ ಮಾರ್ತಾನ.”

ವಸ್ತಾದರು ಪಕ್ಕಕ್ಕೆ ತಿರುಗಿ ಉಗುಳಿದರು. ಕೈ ಮಾತ್ರ ತೆಗೆಯಲಿಲ್ಲ.

“ಆತು. ಮಲಗಬ್ಯಾಡ. ಅಖಾಡಕ್ಕ ಕೆಮ್ಮಣ್ಣು ಬೇಕಾಗೈತಿ. ಹಿಂದಿನ ಓಣಿ ನಿಂಗಜ್ಜನ ಎತ್ತು ಹೊಡಕೊಂಡು ಬಾ. ಬಂಡಿ ಹೂಡು.”

ಯಮನೂರ ಅಲುಗಲಿಲ್ಲ.

“ಇವತ್ತು ಸೋಮವಾರ್ರಿ.”

“ಅದಕ್ಕ?”

“ಸೋಮವಾರ ಯಾರರ ಎತ್ತು ಹೂಡ್ತಾರೇನ್ರಿ? ಬಸವಣ್ಣನ ವಾರ. ಊರ ಮಂದಿ ಮಾರಿಗೆ ಉಗುಳ್ತಾರ.”

“ಪಂಚಮಿ ಬಂತಲ್ಲೋ. ಒಂದು ದಿನ ಬಿಟ್ಟಾಂವ ಸೋತಾಂವ.”

“ಮೂಕ ಪ್ರಾಣಿರಿ ಅದು! ವಾರಪೂರ್ತಿ ಎಳದೈತಿ. ಅದರ ಹೆಗಲು ಮುಟ್ಟಿ ನೋಡ್ರಿ ಬೇಕಾದ್ರ, ಹೆಂಗ ಬಾತಿರತೈತಿ…”

ಯಮನೂರ ತಿರುಗಿ ನೋಡಿದ. ವಸ್ತಾದರ ಹೆಬ್ಬೆರಳು ಇನ್ನೂ ಅವನ ಹೆಗಲ ಮೇಲೇ ಇತ್ತು.

“ಸಾಮು ಮಾಡುವಾಗ ಮೈ ಹರೀತೈತಿ, ತಮ್ಮಾ. ಮಲಗಿದಾಗ ಹೊಲಕೊಂತೈತಿ. ನೀ ದಿನಾ ಹರಿಯಾಕತ್ತಿ. ಹೊಲಿಯಾಕ ಯಾವಾಗ ಬಿಟ್ಟಿ?”

ಯಮನೂರ ಎದ್ದು ಹೋಗಿ ಕಲ್ಲಿನ ಪಕ್ಕ ಕೂತ.

ಕಲ್ಲಿನ ಒಂದು ಬದಿ ನುಣುಪಾಗಿತ್ತು. ಅಪ್ಪನ ಎದೆ ತಾಗಿದ ಜಾಗ ಅದೇ ಎಂದು ಅವನು ನಂಬಿದ್ದ. ಅಲ್ಲಿಗೆ ಕೆನ್ನೆ ಇಟ್ಟ.

“ಅಪ್ಪ ನನ್ನ ಎತ್ತಿಕೊಂಡದ್ದು ನೆನಪಿಲ್ರಿ. ನಾ ಏಳೂದ್ರಾಗ ಪ್ಯಾಟಿಗೆ ಹೋಗಿರ್ತಿದ್ದ. ಅಂವ ಬರೂದ್ರಾಗ ನಾ ಮಲಗಿರ್ತಿದ್ದೆ. ಇದನ್ನ ಎತ್ತಿಕೊಂಡಿದ್ದ ಅಂತ ಎಲ್ಲಾರೂ ಹೇಳ್ತಾರ. ಒಮ್ಮೆ ಎದಿಗೆ ಹಚ್ಚಿಕೋಬೇಕ್ರಿ. ಅಷ್ಟ.”

ವಸ್ತಾದರು ಬಂದು ಅವನ ಪಕ್ಕ ಕೂತರು.

“ಅಂವ ಒಂದು ದಿನ ಸುಮ್ಮನ ಕೂತಾಂವ ಅಲ್ಲ. ನಾನೂ ಹಂಗ ಆಗಬೇಕು,” ಎಂದ ಯಮನೂರ.

“ಅಂವ ಕೂಡಲಿಲ್ಲೋ, ಕೂಡಾಕ ಬಿಡಲಿಲ್ಲೋ?” ವಸ್ತಾದರ ದನಿ ಏರಿತು. “ನಿಮ್ಮಪ್ಪ ಚೀಲ ಹೊರ್ತಿದ್ದ ಅಡತಿ ಅಂಗಡಿ ಸಾಹುಕಾರ ತನ್ನ ಎತ್ತಿಗೆ ಸೋಮವಾರ ಸೂಟಿ ಕೊಟ್ಟ. ನಿಮ್ಮಪ್ಪಗ ಯಾವ ವಾರ ಕೊಟ್ಟ? ಕೇಳಿದ್ರ ಮೈಗಳ್ಳ ಅಂದ. ಆ ಮಾತನ್ನ ಈಗ ನಿನಗ ನೀನ ಅಂದುಕೊಳ್ಳಾಕತ್ತಿ.”

“ಹಂಗಾದ್ರ ಅಪ್ಪ ಕಲ್ಲು ಹೆಂಗ ಎತ್ತಿದ್ರಿ?”

“ಒಮ್ಮೆ ಸೂಟಿ ಬೇಕಂತ ಹಮಾಲರೆಲ್ಲಾ ಕೂಡಿ ಪ್ಯಾಟಿ ಬಂದ್ ಮಾಡಿದ್ರು. ಯಾರೂ ಚೀಲ ಮುಟ್ಟಲಿಲ್ಲ. ಅಷ್ಟೂ ದಿನ ನಿಮ್ಮಪ್ಪ ಹೊಳ್ಯಾಗ ಈಸಿದ. ಓಣಿ ಮಂದಿ ಕೊಟ್ಟ ರೊಟ್ಟಿ, ಹೆಸರುಕಾಳು ಉಂಡ. ಈ ಬೇವಿನ ನೆರಳಾಗ ಬಿದ್ದು ನಿದ್ದಿ ಮಾಡಿದ. ಒಂದು ಮುಂಜಾನೆ ಎದ್ದು ಬಂದು ಎತ್ತಿದ ನೋಡು. ಕೂಸಿನ್ನ ಎತ್ತಿಕೊಂಡಂಗ.”

ಯಮನೂರ ನುಣುಪು ಜಾಗವನ್ನು ಸವರಿದ.

“ಆಮ್ಯಾಲ?”

“ಆಮ್ಯಾಲ ಪ್ಯಾಟಿ ಚಾಲೂ ಆತು.”

ವಸ್ತಾದರು ಒಳಗಿನಿಂದ ಚಾಪೆ ತಂದು ಬೇವಿನ ಕೆಳಗೆ ಹಾಸಿದರು. ಅಂಗೈಗೆ ಎಣ್ಣೆ ಸುರಿದುಕೊಂಡು ಶಿಷ್ಯನ ಹೆಗಲು ತಿಕ್ಕಿದರು.

ಯಮನೂರ ಮಲಗಿದ. ಮುಖ ಮಾತ್ರ ಕಲ್ಲಿನ ಕಡೆಗೇ ಇತ್ತು.

“ಪಂಚಮಿಗೆ ಆಗದಿದ್ರ ಏನು ಮಾಡ್ಲಿ, ವಸ್ತಾದ್ರ? ಅಪ್ಪ ನನಗ ಬಿಟ್ಟು ಹೋದದ್ದು ಅದೊಂದೇರಿ.”

“ಕಲ್ಲು ಎಲ್ಲಿಗೂ ಓಡಿ ಹೋಗೂದಿಲ್ಲ. ನಿಮ್ಮಪ್ಪ ತಾ ಮಾಡದ ನಿದ್ದೀನೂ ಬಿಟ್ಟು ಹೋಗ್ಯಾನ. ಮೊದಲು ಅದನ್ನ ಮಾಡು.”